ಹಳೇ ಬೈಂಡು ತೆರೆಯಲು ಕೂತ ರಘುವಿಗೆ

ಚಿರಂಜೀವಿ ರಘುವಿಗೆ ನಿನ್ನ ಅತ್ತೆ ಮಾಡುವ ಆಶೀರ್ವಾದಗಳು.

ನಿನ್ನ ಕಾಗದ ತಲುಪಿತು. ನಮ್ಮ ಹಳೆಯ ದಿನಪತ್ರಿಕೆಯ ಚರಿತ್ರೆ ಬರೆಯಲು ಅಟ್ಟದ ಬೈಂಡುಗಳನ್ನು ತೆರೆಯುತ್ತಿದ್ದೀಯ ಅಂತ ತಿಳಿಯಿತು. ಪತ್ರಿಕೆಯನ್ನು ಯಾರು ಶುರು ಮಾಡಿದರು, ಯಾಕೆ ನಿಂತಿತು ಅನ್ನುವುದೆಲ್ಲ ನಮ್ಮ ಮನೆಯವರಿಗೆ ಬಾಯಿಪಾಠ, ಅದನ್ನು ಮತ್ತೆ ಬರೆಯುವುದಿಲ್ಲ. ಆದರೆ ಕೊನೆಯಲ್ಲಿ ಒಂದು ಸಾಲು ಬರೆದಿದ್ದೀಯಲ್ಲ, "ಹಾಳೆ ತಿರುವಿದರೆ ಮುರಿದು ಕೈಗೇ ಬರುತ್ತದೆ ಅತ್ತೆ, ಇದನ್ನು ಓದುವವರಲ್ಲಿ ನಾನೇ ಕೊನೆಯವನಾಗುತ್ತೇನೋ ಏನೋ" ಅಂತ, ಆ ಸಾಲು ನನ್ನನ್ನು ಕೂರಗೊಡಲಿಲ್ಲ. ಉಳಿದ ವಿಷಯಕ್ಕೆ ಇನ್ನೊಮ್ಮೆ ಬರೆಯುತ್ತೇನೆ. ಇವತ್ತು ಅದೊಂದೇ.

ಭಯ ಸುಳ್ಳಲ್ಲ ಕಣೋ. ದಿನಪತ್ರಿಕೆಯ ಕಾಗದವನ್ನು ಒಂದು ದಿನ ಬಾಳಿದರೆ ಸಾಕು ಅಂತಲೇ ಮಾಡುವುದು. ಮರವನ್ನು ಹಾಗೇ ಅರೆದ ತಿರುಳು ಅದು. ಪುಸ್ತಕದ ಕಾಗದಕ್ಕೆ ಮಾಡುವ ಹಾಗೆ ಬೇಯಿಸಿ, ಮರದ ನಾರನ್ನು ಬೆಸೆದಿರುವ ಲಿಗ್ನಿನ್ ಅನ್ನುವ ಅಂಶವನ್ನು ಬೇರ್ಪಡಿಸಿರುವುದಿಲ್ಲ. ಗಾಳಿ ಬೆಳಕು ತಾಗಿದಷ್ಟೂ ಆ ಲಿಗ್ನಿನ್ ಕಂದುಗಟ್ಟುತ್ತದೆ, ಆಮ್ಲ ಬಿಡುತ್ತದೆ, ಆ ಆಮ್ಲ ಕಾಗದದ ನಾರನ್ನು ಚೂರು ಚೂರು ಮಾಡುತ್ತದೆ. ಅಂಚು ಮೊದಲು ಕೆಡುವುದು, ನಡುಭಾಗ ನಿಧಾನಕ್ಕೆ ಕೆಡುವುದು ಇದಕ್ಕೇ. ಮಡಿಕೆ ಬಿದ್ದ ಗೆರೆಯಲ್ಲಂತೂ ನಾರು ಆಗಲೇ ತುಂಡಾಗಿರುತ್ತದೆ, ಮಸಿಯ ಬಲದಲ್ಲಿ ನಿಂತಿರುವಂತೆ ಕಾಣುತ್ತದೆ ಅಷ್ಟೆ.

ಆದರೆ ಹಳೆಯದಾದಷ್ಟೂ ಹೆಚ್ಚು ಕೆಟ್ಟಿರುತ್ತದೆ ಅಂದುಕೊಂಡು ಮೊದಲ ಸಂಪುಟಗಳಿಗೆ ಹೆದರಬೇಡ. ಅವು ಟ್ರೆಡಲ್ ಅನ್ನುವ ಸಣ್ಣ ಅಚ್ಚುಯಂತ್ರದ ಮೇಲೆ ಒಂದೊಂದೇ ಪುಟವಾಗಿ ಅಚ್ಚಾದವು, ಕತ್ತರಿಸಿದ ಬಿಳಿ ಪ್ರಿಂಟಿಂಗ್ ಕಾಗದ. ಅವು ಇನ್ನೂ ಬಗ್ಗುತ್ತವೆ, ನೋಡು ಬೇಕಾದರೆ. ನಿನ್ನ ಕೈಯಲ್ಲಿ ಮುರಿಯುತ್ತಿರುವುದು ಅರವತ್ತು ಎಪ್ಪತ್ತರ ದಶಕದವೇ ಇರಬೇಕು. ಆಗ ದೇಶದಲ್ಲಿ ನ್ಯೂಸ್‌ಪ್ರಿಂಟ್, ಅಂದರೆ ದಿನಪತ್ರಿಕೆಯ ಕಾಗದ, ಮಾಡುತ್ತಿದ್ದ ದೊಡ್ಡ ಕಾರ್ಖಾನೆ ಮಧ್ಯಪ್ರದೇಶದ ನೇಪಾನಗರದ್ದು, ಉಳಿದದ್ದು ಹೊರದೇಶದಿಂದ ಕೋಟಾ ಲೆಕ್ಕದಲ್ಲಿ ಬರಬೇಕು. ಭದ್ರಾವತಿಯ ಮಿಲ್ಲಿನಲ್ಲಿ ನ್ಯೂಸ್‌ಪ್ರಿಂಟ್ ಶುರುವಾದದ್ದು 1980ರ ದಶಕದಲ್ಲಿ. ಸಣ್ಣ ಪತ್ರಿಕೆಯವರು ಕೋಟಾ ಮುಗಿದರೆ ಸಿಕ್ಕ ಕಾಗದ ಕೊಳ್ಳುತ್ತಿದ್ದರು. ಒಂದೇ ಬೈಂಡಿನಲ್ಲಿ ಮೂರು ಬಣ್ಣದ ಹಾಳೆ ಕಂಡರೆ ಆಶ್ಚರ್ಯಪಡಬೇಡ, ಯಾವ ದಿನದಿಂದ ಯಾವ ದಿನದವರೆಗೆ ಬಣ್ಣ ಬದಲಾಯಿತು ಅಂತ ಬರೆದಿಟ್ಟುಕೋ. ಪತ್ರಿಕೆಗೆ ಯಾವಾಗ ಕೈ ಬಿಗಿಯಾಗಿತ್ತು ಅನ್ನುವುದನ್ನು ಯಾವ ಸಂಪಾದಕೀಯಕ್ಕಿಂತಲೂ ಚೆನ್ನಾಗಿ ಆ ಬಣ್ಣ ಹೇಳುತ್ತದೆ.

ಇಷ್ಟು ಹೇಳಿದರೂ ನಿನ್ನ ಪ್ರಶ್ನೆ ಅಲ್ಲೇ ಇದೆ. ತೆರೆದರೆ ಒಡೆಯುತ್ತದೆ, ತೆರೆಯದಿದ್ದರೆ ಬರೆಯುವುದು ಹೇಗೆ?

ನನಗೆ ತೋಚುವುದು ಇದು. ಎಲ್ಲವನ್ನೂ ಮೊದಲ ಪುಟದಿಂದ ಓದಿಕೊಂಡು ಹೋಗುವ ಯೋಚನೆ ಬಿಡು. ಶುರುವಿಗೆ ಪ್ರತಿ ವರ್ಷದ ಮಾರ್ಚ್ ತಿಂಗಳ ಮೊದಲ ಸಂಚಿಕೆ ಮಾತ್ರ ತೆರೆ. 1956ರ ಪತ್ರಿಕಾ ನೋಂದಣಿ ನಿಯಮದ ಪ್ರಕಾರ ಫೆಬ್ರವರಿ ಮುಗಿದ ಮೇಲಿನ ಮೊದಲ ಸಂಚಿಕೆಯಲ್ಲಿ ನಾಲ್ಕನೇ ನಮೂನೆಯ ಹೇಳಿಕೆ ಅಚ್ಚಾಗಬೇಕಿತ್ತು. ಎಲ್ಲಿಂದ ಪ್ರಕಟಣೆ, ಎಷ್ಟು ದಿನಕ್ಕೊಮ್ಮೆ, ಮುದ್ರಕರು, ಪ್ರಕಾಶಕರು, ಸಂಪಾದಕರು, ಒಡೆಯರು, ಶೇಕಡಾ ಒಂದಕ್ಕಿಂತ ಹೆಚ್ಚು ಬಂಡವಾಳ ಇರುವವರು, ಎಲ್ಲರ ಹೆಸರು ವಿಳಾಸ ಸಮೇತ. ಓದುಗರು ಯಾರೂ ಓದದ ಮೂಲೆ ಅದು. ಚರಿತ್ರೆ ಬರೆಯುವವನಿಗೆ ಅದೇ ಕುಲಪುರಾಣ. ಮೂವತ್ತು ವರ್ಷಕ್ಕೆ ಮೂವತ್ತು ಹಾಳೆ ತಿರುವಿದರೆ ಒಡೆತನ ಯಾವಾಗ ಕೈ ಬದಲಾಯಿತು, ಯಾವ ವರ್ಷ ಪಾಲುದಾರರು ಸೇರಿದರು, ಯಾರು ಬಿಟ್ಟುಹೋದರು ಅನ್ನುವುದು ಕೈಗೆ ಸಿಗುತ್ತದೆ. ಮಾರ್ಚ್ ಮೊದಲ ದಿನದ್ದರಲ್ಲಿ ಇಲ್ಲದಿದ್ದರೆ ಮುಂದಿನ ನಾಲ್ಕೈದು ದಿನ ನೋಡು. ಜಾಹೀರಾತು ಹೆಚ್ಚಾದ ದಿನ ಅದನ್ನು ಮುಂದಕ್ಕೆ ತಳ್ಳುವುದು ಇತ್ತು.

ಇನ್ನು ಹಾಳೆಯ ಸಂಗತಿ. ಬೈಂಡನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಬಿಡಿಸಬೇಡ. ರಟ್ಟಿನ ಎರಡೂ ಕಡೆ ಕೆಳಗೆ ಸುತ್ತಿದ ಟವೆಲ್ ಕೊಡು, ಅರ್ಧ ತೆರೆದ ಬಾಗಿಲಿನ ಹಾಗೆ ನಿಲ್ಲಲಿ. ಪುಟ ತಿರುವಲು ಬೆರಳಲ್ಲಿ ಮೂಲೆ ಎತ್ತಬಾರದು, ಮುರಿಯುವುದೇ ಅಲ್ಲಿ. ಪುಟದಷ್ಟೇ ಅಗಲದ ತೆಳು ಗಟ್ಟಿ ಕಾರ್ಡ್‌ಬೋರ್ಡ್ ಹಾಳೆಯೊಂದನ್ನು ಹೊರ ಅಂಚಿನಿಂದ ಮೆಲ್ಲಗೆ ಪುಟದ ಕೆಳಗೆ ತೂರಿಸಿ, ಮೇಲೆ ಇನ್ನೊಂದು ಅಂಗೈ ಇಟ್ಟು, ಕಾರ್ಡ್ ಸಮೇತ ತಿರುವಬೇಕು. ಫ್ಯಾನ್ ಆರಿಸಿರಬೇಕು. ಬೆರಳಿಗೆ ಎಂಜಲು ಹಚ್ಚುವ ಅಭ್ಯಾಸ ನಮ್ಮ ಮನೆಯಲ್ಲಿ ಎಲ್ಲರಿಗೂ ಇದೆ, ದಯವಿಟ್ಟು ಬೇಡ. ಹತ್ತಿಯ ಕೈಗವಸು ಹಾಕಿಕೋ ಅಂತ ಯಾರಾದರೂ ಹೇಳಿಯಾರು. ಮುರುಕು ಅಂಚಿಗೆ ಅದರ ನೂಲು ಸಿಕ್ಕಿಕೊಳ್ಳುತ್ತದೆ. ತೊಳೆದು ಚೆನ್ನಾಗಿ ಒರೆಸಿದ ಬರಿಗೈಯೇ ಮೇಲು. ಬಿರುಬೇಸಿಗೆಯ ಮಧ್ಯಾಹ್ನ ಕಾಗದ ಹಪ್ಪಳದಂತಿರುತ್ತದೆ, ಬೆಳಗಿನ ಹೊತ್ತು ತುಸು ಬಗ್ಗುತ್ತದೆ. ಉದುರಿದ ಚೂರನ್ನು ಗುಡಿಸಬೇಡ, ಲಕೋಟೆಗೆ ಹಾಕಿ ಮೇಲೆ ಪೆನ್ಸಿಲ್‌ನಲ್ಲಿ ತಾರೀಖು ಮತ್ತು ಪುಟ ಬರೆ. ಬಾಲ್ ಪೆನ್ನು ಆ ಕೋಣೆಗೇ ಬೇಡ.

ಇದೆಲ್ಲ ನಿನಗೆ ಅಜ್ಜಿಯ ಮಡಿಯಂತೆ ಕಾಣಬಹುದು. ಆದರೂ ಬರೆದೆ.

ಓದುವುದಕ್ಕಿಂತ ಮೊದಲು ಫೋಟೋ. ಒಮ್ಮೆ ತೆರೆದ ಹಾಳೆಯನ್ನು ಎರಡನೇ ಸಲ ತೆರೆಯುವ ಪ್ರಸಂಗ ಬರಬಾರದು, ನಿನ್ನ ಭಯಕ್ಕೆ ನನ್ನ ಹತ್ತಿರ ಇರುವ ಉತ್ತರ ಇಷ್ಟೇ. ನಮ್ಮ ಪುಟ 15 ಇಂಚು ಅಗಲ, 20 ಇಂಚು ಉದ್ದ, ಡಬಲ್ ಕ್ರೌನ್ ಹಾಳೆ ಒಮ್ಮೆ ಮಡಿಸಿದರೆ ಬರುವ ಅಳತೆ. ನಿನ್ನ ಫೋನಿನ ಕ್ಯಾಮೆರಾ 4000ಕ್ಕೆ 3000 ಚುಕ್ಕಿಯದಾದರೆ (ಪಿಕ್ಸೆಲ್ ಅನ್ನುತ್ತಾರಲ್ಲ) ಇಡೀ ಪುಟಕ್ಕೆ ಇಂಚಿಗೆ 200 ಚುಕ್ಕಿ ಮಾತ್ರ ಸಿಗುತ್ತದೆ. ದೊಡ್ಡ ಅಕ್ಷರಕ್ಕೆ ಅದು ಸಾಕು, ಸಣ್ಣ ಅಕ್ಷರದ ಒತ್ತುಗಳು ಮುದ್ದೆಯಾಗುತ್ತವೆ. ಇಡೀ ಪುಟ ಒಂದು ಸಲ, ಆಮೇಲೆ ಮೇಲಿನ ಅರ್ಧ ಕೆಳಗಿನ ಅರ್ಧ ಬೇರೆ ಬೇರೆ ತೆಗೆ. ಆಗ ಇಂಚಿಗೆ 260ರ ಮೇಲೆ ಸಿಗುತ್ತದೆ. ಫ್ಲಾಶ್ ಬೇಡ. ಎರಡು ದೀಪ ಎರಡು ಪಕ್ಕದಿಂದ ಓರೆಯಾಗಿ ಇಟ್ಟರೆ ಮಡಿಕೆಯ ನೆರಳು ಬೀಳುವುದಿಲ್ಲ. ತೆಳು ಕಾಗದದಲ್ಲಿ ಹಿಂದಿನ ಪುಟದ ಅಕ್ಷರ ಮುಂದಕ್ಕೆ ಕಾಣುತ್ತದೆ, ಅದಕ್ಕೆ ಪುಟದ ಕೆಳಗೆ ಕಪ್ಪು ಕಾಗದ ಇಡು. ತೂರಿಸುವ ಕಾರ್ಡೇ ಕಪ್ಪಗಿದ್ದರೆ ಎರಡು ಕೆಲಸ ಒಂದರಲ್ಲೇ ಆಯಿತು. ಪಕ್ಕದಲ್ಲಿ ಒಂದು ಸ್ಕೇಲು ಇರಲಿ.

ಕಡತಕ್ಕೆ ಹೆಸರು ಇಡುವಾಗ ವರ್ಷ, ತಿಂಗಳು, ದಿನ, ಪುಟ ಈ ಕ್ರಮದಲ್ಲೇ ಇಡು, 1968-03-02-01 ಅನ್ನುವ ಹಾಗೆ. ದಿನ ಮೊದಲು ಬರೆದರೆ ಕಂಪ್ಯೂಟರ್ ಎಲ್ಲ ತಿಂಗಳ ಒಂದನೇ ತಾರೀಖನ್ನು ಒಟ್ಟಿಗೆ ಪೇರಿಸಿ ತಲೆ ಕೆಡಿಸುತ್ತದೆ. ಇಲ್ಲದ ಸಂಚಿಕೆಯ ಜಾಗದಲ್ಲಿ "ಈ ದಿನದ್ದು ಬೈಂಡಿನಲ್ಲಿ ಇಲ್ಲ" ಅಂತ ಚೀಟಿ ಬರೆದು ಅದರ ಫೋಟೋವನ್ನೂ ತೆಗೆ. ಇಲ್ಲವಾದರೆ ಮುಂದೆ ಬರುವವರು ನೀನು ಬಿಟ್ಟೆಯೋ, ಸಂಚಿಕೆಯೇ ಇರಲಿಲ್ಲವೋ ಅಂತ ಒದ್ದಾಡುತ್ತಾರೆ. ಜಾಹೀರಾತಿನ ಪುಟ ಬಿಡಬೇಡ. ಸಿನಿಮಾ ಟಾಕೀಸು, ಬಟ್ಟೆ ಅಂಗಡಿ, ಅಡಿಕೆ ಮಂಡಿ, ಶ್ರದ್ಧಾಂಜಲಿ, ಹರಾಜು ನೋಟೀಸು, ಊರು ಇರುವುದು ಅಲ್ಲೇ.

ವರ್ಷಕ್ಕೆ ಸುಮಾರು 300 ಸಂಚಿಕೆ, ನಾಲ್ಕು ಪುಟದಂತೆ 1200 ಪುಟ. ಪುಟಕ್ಕೆ ಎರಡು ನಿಮಿಷ ಹಿಡಿದರೂ ಒಂದು ವರ್ಷದ ಬೈಂಡಿಗೆ 40 ಗಂಟೆ. ದಿನಕ್ಕೆ ಎರಡು ಗಂಟೆ ಕೂತರೆ ಇಪ್ಪತ್ತು ದಿನ. ಹೆಚ್ಚು ಕೂರಬೇಡ, ಸುಸ್ತಾದ ಕೈಯೇ ಹಾಳೆ ಹರಿಯುವುದು. ಮುಗಿದದ್ದನ್ನು ಎರಡು ಡಿಸ್ಕಿಗೆ ಹಾಕಿ ಒಂದನ್ನು ಬೇರೆ ಮನೆಯಲ್ಲಿ ಇಡು.

ಕೊನೆಯ ಓದುಗ ಅಂದೆಯಲ್ಲ. ಅದನ್ನೇ ಯೋಚಿಸುತ್ತಾ ಇದ್ದೆ. ಅಟ್ಟದ ಮೇಲಿರುವುದೇ ಒಂದೇ ಪ್ರತಿ ಅಂತ ನೀನು ತೀರ್ಮಾನ ಮಾಡಿದ್ದೀಯ. ಇರಲಾರದು. 1954ರ ಗ್ರಂಥಾಲಯ ಪ್ರತಿ ಕಾಯ್ದೆಗೆ 1956ರಲ್ಲಿ ಪತ್ರಿಕೆಗಳನ್ನೂ ಸೇರಿಸಿದರು. ಕಲ್ಕತ್ತೆಯ ರಾಷ್ಟ್ರೀಯ ಗ್ರಂಥಾಲಯಕ್ಕೂ ಮದ್ರಾಸಿನ ಕನ್ನೆಮರಾ ಗ್ರಂಥಾಲಯಕ್ಕೂ ಪ್ರತಿ ಕಳಿಸಬೇಕಿತ್ತು. ಎಲ್ಲ ದಿನವೂ ಹೋಗಿರುತ್ತದೆ ಅಂತ ನಾನು ಹೇಳಲಾರೆ, ಅಂಚೆ ಖರ್ಚು ಉಳಿಸುವವರೇ ಎಲ್ಲ ಕಡೆ. ಆದರೂ ಪತ್ರ ಬರೆದು ಕೇಳು. ಪತ್ರಿಕೆಯ ಹೆಸರು, ಊರು, ಯಾವ ವರ್ಷದಿಂದ ಯಾವ ವರ್ಷ, ನೋಂದಣಿ ಸಂಖ್ಯೆ, ಇಷ್ಟನ್ನು ಕಾಗದದ ಮೇಲೇ ಕೊಟ್ಟರೆ ಅವರಿಗೆ ಹುಡುಕಲು ಸುಲಭ. ಬೆಂಗಳೂರಿನ ಕಬ್ಬನ್ ಪಾರ್ಕಿನ ರಾಜ್ಯ ಕೇಂದ್ರ ಗ್ರಂಥಾಲಯ ನೋಡು. ಜಿಲ್ಲಾ ವಾರ್ತಾ ಇಲಾಖೆಯ ಕಚೇರಿ ನೋಡು, ಸರ್ಕಾರಿ ಜಾಹೀರಾತಿನ ಬಿಲ್ಲಿಗೆ ಪುಟದ ಪ್ರತಿ ಲಗತ್ತಿಸಬೇಕಾಗಿತ್ತು. ಪುರಸಭೆಯ ಟೆಂಡರ್ ಕಡತಗಳಲ್ಲಿ ತುಣುಕುಗಳಿರುತ್ತವೆ. ನ್ಯಾಯಾಲಯದ ಸಮನ್ಸನ್ನು ಪತ್ರಿಕೆಯಲ್ಲಿ ಪ್ರಕಟಿಸಿದಾಗ ಇಡೀ ಪುಟವನ್ನೇ ದಾವೆಯ ಕಡತಕ್ಕೆ ಸೇರಿಸುತ್ತಾರೆ. 1984ರ ತಿದ್ದುಪಡಿಯಾದ ಮೇಲೆ ಭೂಸ್ವಾಧೀನದ ಅಧಿಸೂಚನೆ ಸ್ಥಳೀಯ ದಿನಪತ್ರಿಕೆಯಲ್ಲಿ ಬರಲೇಬೇಕಿತ್ತು, ಆ ಕಡತಗಳನ್ನು ಬೇಗ ನಾಶ ಮಾಡುವುದಿಲ್ಲ. ಮಠ, ಸಹಕಾರಿ ಬ್ಯಾಂಕು, ಹಳೆಯ ವಕೀಲರ ಮನೆ, ಇವನ್ನೂ ಕೇಳು. ಹಾಗೆಯೇ ಮದುವೆ, ಸಾವು, ಪರೀಕ್ಷೆ ಪಾಸಾದ ಫೋಟೋ ಅಚ್ಚಾದ ಪುಟವನ್ನು ಜನ ಸೀರೆಯ ಮಡಿಕೆಯಲ್ಲಿಟ್ಟು ಕಾಪಾಡಿರುತ್ತಾರೆ. ಬೆಳಕು ತಾಗದ ಆ ಪುಟ ನಿನ್ನ ಬೈಂಡಿನ ಪುಟಕ್ಕಿಂತ ಬೆಳ್ಳಗಿರುತ್ತದೆ, ನೋಡು.

ನಮ್ಮದಕ್ಕಿಂತ ಮುಂಚೆ ಊರಲ್ಲಿದ್ದ ವಾರಪತ್ರಿಕೆಯ ಒಂದು ಸಂಚಿಕೆಯೂ ಸಿಗಲಿಲ್ಲ ಅಂತ ಬರೆದಿದ್ದೀಯ. ನಮ್ಮ ಸೀಮೆ 1956ರವರೆಗೆ ಮದ್ರಾಸಿಗೆ ಸೇರಿತ್ತಲ್ಲ, ಬ್ರಿಟಿಷ್ ಸರ್ಕಾರ ಪ್ರಾಂತ್ಯದ ದೇಶೀ ಭಾಷಾ ಪತ್ರಿಕೆಗಳಲ್ಲಿ ಏನು ಬರುತ್ತಿದೆ ಅಂತ ತಿಳಿಯಲು ವಾರವಾರವೂ ಇಂಗ್ಲಿಷಿಗೆ ಸಾರಾಂಶ ಮಾಡಿಸಿ ಗುಟ್ಟಿನ ವರದಿ ಅಚ್ಚು ಹಾಕಿಸುತ್ತಿತ್ತು. ಮೂಲ ಪತ್ರಿಕೆ ಗೆದ್ದಲಿಗೆ ಹೋದ ಮೇಲೂ ಆ ವರದಿಯ ಸಾಲುಗಳು ಉಳಿದಿವೆ. ಮದ್ರಾಸಿನ ಪತ್ರಾಗಾರದಲ್ಲಿ ಅವನ್ನು ನೋಡಬಹುದು. ಅನುವಾದಕ ಸರ್ಕಾರಕ್ಕೆ ಕಿರಿಕಿರಿಯಾಗುವುದನ್ನೇ ಆರಿಸುತ್ತಿದ್ದ ಅನ್ನುವುದು ನೆನಪಿರಲಿ. ಅದನ್ನಷ್ಟೇ ಓದಿ ಆ ವಾರಪತ್ರಿಕೆ ಬರೀ ರಾಜಕೀಯದ್ದು ಅಂತ ಬರೆದುಬಿಡಬೇಡ. ಪತ್ರಿಕೆ ಶುರು ಮಾಡುವವರು 1867ರ ಕಾಯ್ದೆಯಂತೆ ಮ್ಯಾಜಿಸ್ಟ್ರೇಟರ ಮುಂದೆ ಘೋಷಣೆ ಸಲ್ಲಿಸಬೇಕಿತ್ತು, ಅದರ ದಾಖಲೆ ಬೇರೆ ಇರುತ್ತದೆ. ಗಡಿ ಬದಲಾದಾಗ ಜಿಲ್ಲೆಯೂ ಬದಲಾಯಿತು, ಹಳೆಯ ಜಿಲ್ಲಾ ಕಚೇರಿಯನ್ನೂ ಕೇಳಬೇಕಾದೀತು.

ಈಗ ಹೇಳಲೇಬೇಕಾದ ಮಾತು. ಅಟ್ಟದಲ್ಲಿ ಒಂದೇ ಪ್ರತಿ ಇರುವುದಕ್ಕೆ ನಾನೂ ಕಾರಣ. ಎರಡು ಜೊತೆ ಫೈಲು ಇಡುತ್ತಿದ್ದರು, ಒಂದು ಸಂಪಾದಕರ ಕೋಣೆಗೆ, ಒಂದು ಪ್ರೂಫ್ ಕೋಣೆಗೆ. ಜಾಗ ಸಾಲದು ಅಂತಾದಾಗ ಪ್ರೂಫ್ ಕೋಣೆಯದ್ದನ್ನು ರದ್ದಿಗೆ ಹಾಕಬಹುದು ಅಂತ ಬರೆದುಕೊಟ್ಟ ಚೀಟಿಗೆ ನನ್ನ ರುಜು ಇದೆ. ಇನ್ನೊಂದು ಜೊತೆ ಇದೆಯಲ್ಲ ಅನ್ನುವ ಧೈರ್ಯ. ತೂಕಕ್ಕೆ ಹೋದದ್ದೇ ಚೆನ್ನಾಗಿದ್ದದ್ದು, ಅದು ಬಿಸಿಲು ಬೀಳದ ಕೋಣೆ. ಉಳಿದದ್ದು ಕಿಟಕಿ ಪಕ್ಕದ್ದು. ಅದನ್ನೂ ಬೈಂಡರಿಗೆ ಕೊಡುವಾಗ ಅಂಚು ಸಮ ಮಾಡಿ ಅಂತ ನಾನೇ ಹೇಳಿದೆ. ಅವರು ಕಟಿಂಗ್ ಮೆಷಿನ್ನಿಗೆ ಹಾಕಿ ಮೇಲಿನಿಂದ ಅರ್ಧ ಇಂಚು ತೆಗೆದರು. ಪುಟದ ನೆತ್ತಿಯ ತಾರೀಖು, ಪುಟಸಂಖ್ಯೆ ಹಲವು ಕಡೆ ಹೋಗಿರುವುದು ಅದಕ್ಕೇ. ನಿನ್ನ ಆ ಸಾಲು ನನಗೆ ನಾಟಿದ್ದು ಯಾಕೆ ಅಂತ ಈಗ ತಿಳಿಯಿತಲ್ಲ.

ತಾರೀಖು ಹಾರಿದ ಪುಟಕ್ಕೆ ದಾರಿ ಇದೆ. ಮೊದಲ ಪುಟದ ಹಣೆಯಲ್ಲಿ ಸಂಪುಟ ಮತ್ತು ಸಂಚಿಕೆಯ ಸಂಖ್ಯೆ ಇರುತ್ತದೆ, ಕೊನೆಯ ಪುಟದ ಬುಡದಲ್ಲಿ ಮುದ್ರಕ ಪ್ರಕಾಶಕರ ಸಾಲು. ಸಂಚಿಕೆಯ ಸಂಖ್ಯೆಯನ್ನೇ ಪೂರ್ತಿ ನಂಬಬೇಡ. ನಿನ್ನೆಯ ಸಂಖ್ಯೆಯ ಅಚ್ಚುಮೊಳೆ ಬದಲಿಸುವುದು ಮರೆತು ಎರಡು ದಿನಕ್ಕೆ ಒಂದೇ ಸಂಖ್ಯೆ ಬಿದ್ದಿರುವುದು, ಹಬ್ಬದ ರಜೆಯ ನಂತರ ಎರಡು ಸಂಖ್ಯೆ ಹಾರಿರುವುದು ಉಂಟು. ಸಿನಿಮಾ ಜಾಹೀರಾತಿನ "ಇಂದಿನಿಂದ", ಪಂಚಾಂಗದ ತಿಥಿ, ಮಾರುಕಟ್ಟೆ ಧಾರಣೆಯ ವಾರ, ಇವನ್ನು ಕೂಡಿಸಿ ನೋಡಿದರೆ ದಿನ ಸಿಗುತ್ತದೆ. ತಿಥಿ ವಾರ ಎರಡೂ ಕೂಡಿದರೆ ಬಹುತೇಕ ತಪ್ಪುವುದಿಲ್ಲ.

ಓದುವಾಗ ಮೋಸ ಹೋಗುವ ಜಾಗಗಳು ಕೆಲವಿವೆ. ನಾಲ್ಕು ಪುಟದ ಪತ್ರಿಕೆ ಅಂದರೆ ಒಂದೇ ಹಾಳೆ. ಒಂದು ಮಗ್ಗುಲಲ್ಲಿ 2 ಮತ್ತು 3, ಇನ್ನೊಂದು ಮಗ್ಗುಲಲ್ಲಿ 1 ಮತ್ತು 4. ಸಿಲಿಂಡರ್ ಮೆಷಿನ್ ಬಂದ ಮೇಲೆ ಒಳಗಿನ ಫಾರಂ, ಅಂದರೆ 2 ಮತ್ತು 3ನೇ ಪುಟದ ಮಗ್ಗುಲು, ಮಧ್ಯಾಹ್ನವೇ ಅಚ್ಚಾಗಿ ಹಾಳೆ ಒಣಗುತ್ತಿತ್ತು, ಹೊರಗಿನದ್ದು ರಾತ್ರಿ ಕೊನೆಯ ಸುದ್ದಿ ಸೇರಿಸಿ ಅಚ್ಚಾಗುತ್ತಿತ್ತು. ಹಾಗಾಗಿ ಒಂದೇ ದಿನದ ಪತ್ರಿಕೆಯಲ್ಲಿ ಮೂರನೇ ಪುಟ "ಸಭೆ ನಡೆಯಲಿದೆ" ಅಂತಲೂ ಮೊದಲನೇ ಪುಟ "ಸಭೆ ರದ್ದು" ಅಂತಲೂ ಹೇಳಿರುತ್ತದೆ. ಅದು ಎಡವಟ್ಟಲ್ಲ, ಅವೆರಡರ ನಡುವೆ ಏಳೆಂಟು ಗಂಟೆ ಇದೆ. ಯಾವ ಪುಟದ ಮಾತು ಅಂತ ನಮೂದಿಸದೆ ಏನನ್ನೂ ಉದ್ಧರಿಸಬೇಡ.

ಮುಖ್ಯಮಂತ್ರಿ ಅನ್ನುವಲ್ಲಿ ಒಂದು ತಿಂಗಳು "ಮು. ಮಂತ್ರಿ" ಅಂತಲೇ ಬಂದಿದ್ದರೆ ಅದನ್ನು ಸಂಪಾದಕರ ಧೋರಣೆ ಅಂತ ಬರೆಯಬೇಡ. ಕನ್ನಡದ ಕೇಸಿನಲ್ಲಿ, ಅಂದರೆ ಅಚ್ಚುಮೊಳೆ ಇಡುವ ಪೆಟ್ಟಿಗೆಯಲ್ಲಿ, ಕಾಗುಣಿತ, ಒತ್ತು ಎಲ್ಲ ಸೇರಿ ನೂರಾರು ಮನೆ. ಒತ್ತಕ್ಷರದ ಮೊಳೆ ತೆಳ್ಳಗೆ, ಬೇಗ ಮುರಿಯುತ್ತದೆ. ಸೀಸದ ಹೊಸ ಮೊಳೆ ಬರುವವರೆಗೆ ಅಕ್ಷರ ಜೋಡಿಸುವ ಕಂಪೋಸಿಟರು ಇರುವುದರಲ್ಲೇ ಪದ ಹೊಂದಿಸುತ್ತಿದ್ದರು. ಫೋಟೋ ವಿಷಯವೂ ಹಾಗೇ. ಫೋಟೋ ಅಚ್ಚು ಹಾಕುವ ಸತುವಿನ ಬ್ಲಾಕ್ ದೊಡ್ಡ ಊರಿನಿಂದ ಮಾಡಿಸಿ ತರಬೇಕಿತ್ತು, ಒಮ್ಮೆ ತಂದದ್ದನ್ನು ಮರಕ್ಕೆ ಮೊಳೆ ಹೊಡೆದು ವರ್ಷಗಟ್ಟಲೆ ಬಳಸುತ್ತಿದ್ದರು. ಮಂತ್ರಿ ಊರಿಗೆ ಬಂದ ದಿನದ ಚಿತ್ರ ಅಂತ ಕಂಡದ್ದು ನಾಲ್ಕು ವರ್ಷದ ಹಿಂದಿನ ಬ್ಲಾಕ್ ಆಗಿರಬಹುದು. ಎರಡು ಚಿತ್ರದ ಮೂಲೆಯ ಗೀರು ಒಂದೇ ಥರ ಇದೆಯೇ ನೋಡಿದರೆ ಗೊತ್ತಾಗುತ್ತದೆ.

ಜೂನ್ 1975ರ ಕೊನೆಯ ವಾರದಿಂದ ಮಾರ್ಚ್ 1977ರವರೆಗಿನ ಹಾಳೆಗಳಿಗೆ ಮಾತ್ರ ಬೇರೆ ಕಣ್ಣು ಬೇಕು. ಜೂನ್ 25ರ ರಾತ್ರಿ ತುರ್ತು ಪರಿಸ್ಥಿತಿ, ಮರುದಿನದಿಂದಲೇ ಮುಂಗಡ ಸೆನ್ಸಾರ್. ಅಲ್ಲಿ ಏನು ಇದೆ ಅನ್ನುವುದಕ್ಕಿಂತ ಏನು ಇಲ್ಲ ಅನ್ನುವುದನ್ನು ಬರೆದುಕೋ. ಸಂಪಾದಕೀಯದ ಜಾಗದಲ್ಲಿ ಬೆಳೆ ಸುದ್ದಿ, ಸ್ಥಳೀಯ ಪತ್ರದ ಅಂಕಣ ಕಿರಿದಾದದ್ದು, ಸರ್ಕಾರಿ ಪ್ರಕಟಣೆ ಒಂದಕ್ಷರ ಬದಲಾಗದೆ ಬಂದದ್ದು. ಆ ಮುಂಚಿನ ಆರು ತಿಂಗಳ ಪುಟಗಳ ಪಕ್ಕ ಇಟ್ಟು ಅಂಕಣದ ಉದ್ದವನ್ನು ಸ್ಕೇಲಿನಲ್ಲಿ ಅಳೆ. ಕಾನೂನಿಗೆ ಪತ್ರಿಕೆ ಮಣಿದದ್ದು ನಿಂತದ್ದು ನಮ್ಮಲ್ಲಿ ಹೊಸದಲ್ಲ. 1908ರಲ್ಲಿ ಮೈಸೂರು ಸಂಸ್ಥಾನ ಪತ್ರಿಕಾ ಕಾನೂನು ತಂದಾಗ ತಾತಯ್ಯ ಅಂತಲೇ ಹೆಸರಾದ ಸಂಪಾದಕ ಎಂ. ವೆಂಕಟಕೃಷ್ಣಯ್ಯನವರು ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿಬಿಟ್ಟರು. ನಮ್ಮವರು ನಿಲ್ಲಿಸಲಿಲ್ಲ, ಸಣ್ಣದಾಗಿ ನಡೆಸಿದರು. ಅದನ್ನು ಮುಚ್ಚಿಡದೆ ಬರೆ.

ಕಾಗದ ಉಳಿಯುತ್ತದೋ ಇಲ್ಲವೋ ಅಂತ ಚಿಂತಿಸುವಾಗ ಕನ್ನಡದ ಮೊದಲ ಪತ್ರಿಕೆ ಮಂಗಳೂರು ಸಮಾಚಾರ ನೆನಪಾಗುತ್ತದೆ. 1843ರ ಜುಲೈ 1ರಂದು ಹರ್ಮನ್ ಮೊಗ್ಲಿಂಗ್ ಕಲ್ಲಚ್ಚಿನಲ್ಲಿ ತೆಗೆದದ್ದು, ಮರುವರ್ಷ ಅಚ್ಚುಮೊಳೆಯ ಅನುಕೂಲಕ್ಕಾಗಿ ಬಳ್ಳಾರಿಗೆ ಹೋಗಿ ಕನ್ನಡ ಸಮಾಚಾರ ಆಯಿತು. ಅದರ ಸಂಚಿಕೆಗಳನ್ನು ಇವತ್ತಿಗೂ ಓದಬಹುದು. ಮರದ ತಿರುಳಿನ ಕಾಗದ ಬಂದದ್ದು ಆಮೇಲೆ. ನೂರೆಂಬತ್ತು ವರ್ಷದ್ದು ನಿಂತಿದೆ, ಐವತ್ತು ವರ್ಷದ್ದು ನಿನ್ನ ಅಂಗಿಯ ತೋಳಿಗೆ ಅಂಟುತ್ತಿದೆ.

ಹಾಗೆ ನೋಡಿದರೆ ನಿನ್ನ ಭಯ ಇನ್ನೊಂದು ಕಡೆಗೂ ತಿರುಗಬೇಕು. ಕೊನೆಯ ಹತ್ತು ವರ್ಷ ಕಂಪ್ಯೂಟರಿನಲ್ಲಿ ಪುಟ ಕಟ್ಟಿದ್ದರಲ್ಲ, ಆ ಸಿ.ಡಿ.ಗಳು ಎಲ್ಲಿವೆ? ಅದರ ಬಗ್ಗೆ ಒಂದು ಮಾತೂ ಬರೆದಿಲ್ಲ. ಪುಟ ಕಟ್ಟುವ ಪೇಜ್‌ಮೇಕರ್ ತಂತ್ರಾಂಶದ ಕಡತವನ್ನು, ಅದಕ್ಕೆ ಹೊಂದುವ, ಯೂನಿಕೋಡಿಗಿಂತ ಮುಂಚಿನ ಆಸ್ಕಿ ಫಾಂಟ್ ಇಲ್ಲದೆ ತೆರೆದರೆ ತೋರುವುದು ಬರೀ ರೋಮನ್ ಅಕ್ಷರಗಳ ಗೊಜ್ಜು. ಹಳೆಯ ಯಂತ್ರ ಇನ್ನೂ ಓಡುವಾಗಲೇ ಪುಟಗಳನ್ನು ಫಾಂಟ್ ಒಳಗೊಂಡ ಪಿ.ಡಿ.ಎಫ್. ಮಾಡಿಸಿಕೋ, ಫಾಂಟ್ ಕಡತವನ್ನೂ ಜೊತೆಗೆ ಎತ್ತಿಡು. ಯೂನಿಕೋಡಿಗೆ ಬದಲಿಸಿದ ಮೇಲೆ ಅರ್ಕಾವೊತ್ತು ಬರುವ ಪದಗಳನ್ನು ಕಣ್ಣಿಟ್ಟು ನೋಡು, ಕರ್ನಾಟಕ, ವರ್ಷ, ಕಾರ್ಯ ಇಂಥವು. ಎಡವುವುದು ಅಲ್ಲೇ. ಕಾಗದ ಚೂರಾದರೂ ಚೂರನ್ನು ಓದಬಹುದು, ಸಿ.ಡಿ. ಕೆಟ್ಟರೆ ಒಂದಕ್ಷರವೂ ಇಲ್ಲ.

ಬೈಂಡುಗಳನ್ನು ಮತ್ತೆ ಅಟ್ಟಕ್ಕೆ ಏರಿಸಬೇಡ, ಹೆಂಚಿನ ಕೆಳಗಿನ ಶಾಖಕ್ಕೇ ಅವು ಹೀಗಾದದ್ದು. ಗೋಡೆಯಿಂದ ಅರ್ಧ ಅಡಿ ಬಿಟ್ಟು, ನೆಲದಿಂದ ಎತ್ತರದ ಕಬ್ಬಿಣದ ಬೀರುವಿನಲ್ಲಿ ಮಲಗಿಸಿ ಇಡು. ದೊಡ್ಡ ಬೈಂಡು ನಿಲ್ಲಿಸಿದರೆ ತನ್ನ ಭಾರಕ್ಕೇ ಹೊಲಿಗೆ ಕೀಳುತ್ತದೆ. ಒಂದರ ಮೇಲೆ ಮೂರಕ್ಕಿಂತ ಹೆಚ್ಚು ಬೇಡ. ಬಿಸಿಲಿಗೆ ಹಾಕಬೇಡ, ಹುಳಕ್ಕೆ ಔಷಧ ಸಿಂಪಡಿಸಬೇಡ. ನುಸಿಗುಳಿಗೆ ಇಡುವುದಾದರೆ ಬಟ್ಟೆಯಲ್ಲಿ ಕಟ್ಟಿ ಮೂಲೆಯಲ್ಲಿಡು, ಕಾಗದಕ್ಕೆ ತಾಗಬಾರದು. ಹಸಿ ಬೇವಿನ ಸೊಪ್ಪು ಇಡುವ ಪದ್ಧತಿ ಇದೆ, ಅದರ ತೇವಕ್ಕೆ ಬೂಷ್ಟು ಬರುತ್ತದೆ. ಹೊಲಿಗೆಯೊಳಗೆ ಅಂಕಣದ ಸಾಲು ಮುಚ್ಚಿಹೋಗಿದ್ದರೆ ಬಲವಂತವಾಗಿ ಬಿಡಿಸಬೇಡ. ತಿಳಿದವರ ಕೈಯಲ್ಲಿ ದಾರ ಮಾತ್ರ ಕತ್ತರಿಸಿ ಹಾಳೆ ಬಿಡಿಯಾಗಿಸಬಹುದು. ರಾಜ್ಯ ಪತ್ರಾಗಾರದವರನ್ನು ಒಮ್ಮೆ ವಿಚಾರಿಸು. ಯಾರಾದರೂ ಅಂಗಡಿಯಲ್ಲಿ ಲ್ಯಾಮಿನೇಷನ್ ಮಾಡಿಸೋಣ ಅಂದರೆ ಒಪ್ಪಬೇಡ, ಒಳಗೆ ಸೇರಿದ ಹಾಳೆಯನ್ನು ಮತ್ತೆ ಬಿಡಿಸಲಾಗುವುದಿಲ್ಲ.

ತುಂಬ ಬರೆದೆ, ಒಂದಕ್ಕೊಂದು ಹೊಂದಿಕೊಂಡಿದೆಯೋ ಇಲ್ಲವೋ. ಮಾರ್ಚ್ ತಿಂಗಳಿಂದ ಶುರು ಮಾಡು. ಮೊದಲ ಹತ್ತು ಹಾಳೆ ತಿರುವಿದ ಮೇಲೆ ಎಷ್ಟು ಮುರಿಯಿತು ಅಂತ ಬರೆ. ಮುರಿದಿದ್ದರೂ ಬರೆ, ನಾನು ಬೈಯುವುದಿಲ್ಲ.

ಇಂತು ನಿನ್ನ ಅತ್ತೆ

ಮರೆತಿದ್ದೆ: ಹನ್ನೊಂದನೇ ಸಂಪುಟದಲ್ಲಿ ಹರಿದ ಮೂರು ಹಾಳೆಗೆ ನಾನು ಸೆಲ್ಲೋಟೇಪ್ ಅಂಟಿಸಿದ್ದೇನೆ. ಈಗ ಅದು ಜೇನಿನ ಬಣ್ಣಕ್ಕೆ ತಿರುಗಿರುತ್ತದೆ, ಅಂಟು ಕಾಗದದೊಳಗೆ ಇಳಿದಿರುತ್ತದೆ, ಅಂಚು ತಾನೇ ಎದ್ದಿರುತ್ತದೆ. ಅದನ್ನು ಕೀಳಲು ಹೋಗಬೇಡ, ಮಸಿಯ ಸಮೇತ ಎದ್ದು ಬರುತ್ತದೆ. ಹಾಗೇ ಫೋಟೋ ತೆಗೆದು, ಆ ಪುಟಕ್ಕೂ ಮುಂದಿನ ಪುಟಕ್ಕೂ ನಡುವೆ ಒಂದು ಬಿಳಿ ಹಾಳೆ ಇಟ್ಟು ಮುಚ್ಚು.